ಒಬ್ಬರನ್ನೇ ಬಿಡಬಾರದು

ನನ್ನ ತಾಯಿಗೆ ಮರೆವಿನ ಕಾಯಿಲೆ ಇದೆ ಎಂದು ನಾನು ಸುಳ್ಳು ಬರೆದೆ. ನಾಲ್ಕೇ ಸಾಲು — ಇಂಗ್ಲಿಷಿನಲ್ಲಿ, ನನ್ನ ಎಂದಿನ ದುಂಡಗಿನ ಅಕ್ಷರದಲ್ಲಿ, ಕೆಳಗೆ ಸಹಿ ಮಾಡಿ. ಅವಳು ಒಬ್ಬಳೇ ಪ್ರವಾಸ ಹೊರಟಿದ್ದ ಹಡಗಿನ ದವಾಖಾನೆಗೆ ಆ ಚೀಟಿಯನ್ನು ಕಳಿಸಿದೆ. ಇದಾಗಿ ನಾಲ್ಕು ವರ್ಷ. ಆ ಕಾಯಿಲೆ ಅವಳಿಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಮೊದಲು ಇಷ್ಟನ್ನು ಬರೆದುಬಿಡಬೇಕು, ಉಳಿದದ್ದು ಆಮೇಲೆ. ಮುಖ್ಯವಾದದ್ದು ಮೊದಲ ಸಾಲಿನಲ್ಲಿ ಬರಬೇಕು ಎಂದು ನನ್ನ ಕೈಕೆಳಗಿನ ನರ್ಸುಗಳಿಗೆ ವರ್ಷಗಟ್ಟಲೆ ಹೇಳಿದವಳು ನಾನೇ.

ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿದೆ, ಕೊನೆಯ ಒಂಬತ್ತು ವರ್ಷ ಮೇಟ್ರನ್ ಆಗಿ. ಮದುವೆ ಮಾಡಿಕೊಳ್ಳಲಿಲ್ಲ. ಧಾರವಾಡದ ಮಾಳಮಡ್ಡಿಯಲ್ಲಿ ಅವ್ವನ ಜೊತೆ ಇದ್ದೇನೆ. ಐದಕ್ಕೆ ಏಳುವುದು, ಆರಕ್ಕೆ ಅಂಗಳ, ಏಳೂವರೆಗೆ ನಾಷ್ಟಾ, ಒಂದಕ್ಕೆ ಊಟ, ನಾಲ್ಕಕ್ಕೆ ಚಹಾ. ನಿವೃತ್ತಿಯಾದ ಮರುದಿನವೂ ಇದು ಬದಲಾಗಲಿಲ್ಲ. ನೋಡಿಕೊಳ್ಳಲು ರೋಗಿಗಳಿರಲಿಲ್ಲ, ಅಷ್ಟೇ. ಅವ್ವ ಇದ್ದಳು. "ರಿಟೈರ್ ಆದಾಕಿ ಇಕಿ, ಅಡ್ಮಿಟ್ ಆದಾಕಿ ನಾನು" ಎಂದು ಮನೆಗೆ ಬಂದವರ ಮುಂದೆಲ್ಲ ಹೇಳಿ ಅವಳು ನಗುತ್ತಿದ್ದಳು. ನಾನೂ ನಗುತ್ತಿದ್ದೆ, ನಗುತ್ತಲೇ ಅವಳ ಗುಳಿಗೆಯ ಡಬ್ಬಿ ತೆಗೆದು ನೋಡುತ್ತಿದ್ದೆ.

ಅವ್ವ ಶಿಕ್ಷಕಿಯಾಗಿದ್ದವಳು. ನೀಲಮ್ಮ ಅಕ್ಕೋರು ಎಂದರೆ ಈಗಲೂ ರಸ್ತೆಯಲ್ಲಿ ಯಾರಾದರೂ ಸೈಕಲ್ ನಿಲ್ಲಿಸಿ ಕೈ ಮುಗಿಯುತ್ತಾರೆ. ಬಹಳ ವರ್ಷ ಉಪ್ಪಿನಬೆಟಗೇರಿಯಲ್ಲಿ, ಆಮೇಲೆ ಧಾರವಾಡದಲ್ಲಿ ಕಲಿಸಿದಳು. ಭೂಗೋಳವೆಂದರೆ ಅವಳಿಗೆ ಪ್ರಾಣ. ಭೂಮಿ ದುಂಡಗಿದೆ ಎಂದು ತೋರಿಸಲು ಗಡಿಗೆಯೊಂದನ್ನು ಬೋರಲು ಹಾಕುತ್ತಿದ್ದಳು. ಕಡ್ಡಿಪೆಟ್ಟಿಗೆಯ ಹಡಗು ಮಾಡಿ, ಅದರಲ್ಲಿ ಒಂದು ಕಡ್ಡಿಯನ್ನು ಕಂಬದಂತೆ ನೆಟ್ಟು, ಗಡಿಗೆಯ ಬೆನ್ನಿನ ಮೇಲೆ ನಿಧಾನವಾಗಿ ಆಚೆಗೆ ಸರಿಸುತ್ತಿದ್ದಳು. ಈಚೆ ಕುಳಿತ ಮಕ್ಕಳಿಗೆ ಮೊದಲು ಹಡಗಿನ ಹೊಟ್ಟೆ ಮರೆಯಾಗುತ್ತಿತ್ತು, ಕಟ್ಟಕಡೆಗೆ ಕಡ್ಡಿಯ ತುದಿ. ಒಮ್ಮೆ ಉಪ್ಪಿನಬೆಟಗೇರಿಯಲ್ಲಿ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳಂತೆ:

"ಅಕ್ಕೋರ, ಹಡಗಿನ್ಯಾಗ ಕುಂತವರಿಗೆ ನಾವು ಹೆಂಗ ಕಾಣತೇವ್ರಿ?"

ಅವ್ವ ಉತ್ತರ ಕೊಟ್ಟಳು. ಅವರಿಗೆ ದಂಡೆಯೂ ಹಾಗೆಯೇ ಕಾಲಿನಿಂದ ಮುಳುಗುತ್ತ ಹೋಗುತ್ತದೆ — ಮೊದಲು ಮರಳು, ಆಮೇಲೆ ಮನೆಗಳು, ಕೊನೆಗೆ ಗುಡ್ಡದ ತಲೆ. ಹುಡುಗಿ ಕೂರಲಿಲ್ಲ.

"ನೀವು ನೋಡೀರೇನ್ರಿ?"

ಅವ್ವ ನೋಡಿರಲಿಲ್ಲ. ಆ ಒಂದು ಪ್ರಶ್ನೆ ನಲವತ್ತು ವರ್ಷ ಅವಳ ಜೊತೆ ಉಳಿಯಿತು. ಕಾರವಾರಕ್ಕೆ ಹೋದಾಗ, ಗೋವಾಕ್ಕೆ ಹೋದಾಗ ದಂಡೆಯಲ್ಲಿ ನಿಂತು ಹಡಗು ಮರೆಯಾಗುವುದನ್ನು ನೋಡಿ ಬಂದಿದ್ದಳು. ಆದರೆ ದಂಡೆ ಮುಳುಗುವುದನ್ನು ನೋಡಬೇಕಾದರೆ ದಂಡೆ ಬಿಟ್ಟು ಹೋಗಬೇಕಲ್ಲ.

ಒಂದು ದಿನ ಪತ್ರಿಕೆಯಲ್ಲಿ ಜಾಹೀರಾತು ಬಂತು. ಮುಂಬಯಿಯಿಂದ ಹೊರಟು, ಮೂರು ದಿನ ಸಮುದ್ರದ ಮೇಲೆ ಕಳೆದು, ಮತ್ತೆ ಮುಂಬಯಿಗೇ ಮರಳುವ ಪ್ರವಾಸಿ ಹಡಗು. ಅವ್ವ ಅದನ್ನು ನೀಟಾಗಿ ಕತ್ತರಿಸಿ, ನಾಲ್ಕರ ಚಹಾದ ಹೊತ್ತಿಗೆ ನನ್ನ ಬಸಿಯ ಕೆಳಗೆ ಸರಿಸಿದಳು.

"ನಾ ಹೋಗಾಕಿ" ಎಂದಳು.

"ಹೋಗೂಣಂತ. ಇಬ್ಬರಿಗೂ ಒಂದ ಕೋಣಿ—"

"ಇಬ್ಬರಲ್ಲ. ನಾ ಒಬ್ಬಾಕೀನ."

"ಯಾಕ? ನಾ ಏನ ಮಾಡೇನಿ?"

"ನೀ ಏನೂ ಮಾಡಿಲ್ಲ ನನ್ನವ್ವ. ನೀ ಬಂದ್ರ ನಾ ಪೇಶಂಟ್ ಆಗ್ತೇನಿ. ಎದ್ದ ಕೂಡ್ಲೆ ಬಿ.ಪಿ., ಉಂಡ ಕೂಡ್ಲೆ ಗುಳಿಗಿ, ಸಮುದ್ರ ನೋಡಾಕ ನಿಂತ್ರ ಸ್ವೆಟರ್. ಮೂರ ದಿನ ರಜಾ ಕೊಡ್ರಿ ಮೇಟ್ರನ್ ಬಾಯಾರ, ಮ್ಯಾಲ ನೀವು ಹೇಳಿದಂಗ ಕೇಳ್ತೇನಿ."

ನಕ್ಕೆ. ನಗಬೇಕಾದ ಮಾತೇ ಅದು. ಆದರೆ 'ನೀ ಬಂದ್ರ' ಎಂಬುದು ಬೆರಳಿಗೆ ಚುಚ್ಚಿದ ಮುಳ್ಳಿನ ಹಾಗೆ ಒಳಗೆ ಉಳಿಯಿತು. ಆಗ ಅದನ್ನು ಒಪ್ಪಿಕೊಳ್ಳಲಿಲ್ಲ, ಈಗ ಒಪ್ಪುತ್ತೇನೆ.

ಮುಂದಿನ ಎರಡು ತಿಂಗಳನ್ನು ನೆನೆದರೆ ಈಗಲೂ ಮನಸ್ಸು ಹಗುರವಾಗುತ್ತದೆ — ಹಗುರವಾದ ಮರುಕ್ಷಣವೇ ನಾಚಿಕೆಯಾಗುತ್ತದೆ. ದಿನವೂ ನಾಲ್ಕಕ್ಕೆ ಚಹಾ ಆದ ಮೇಲೆ ನಾವಿಬ್ಬರೂ ಮೇಜಿಗೆ ಕೂರುತ್ತಿದ್ದೆವು. ನಾನು ಗೆರೆ ಎಳೆದ ನೋಟ್‌ಬುಕ್ಕಿನಲ್ಲಿ ಗಂಟೆಗಂಟೆಗೆ ಏನು ಮಾಡಬೇಕೆಂದು ಬರೆದೆ. ಯಾವ ಗುಳಿಗೆ ಯಾವಾಗ, ಯಾವ ಚಪ್ಪಲಿ ಎಲ್ಲಿಗೆ, ವಾಂತಿ ಬಂದರೆ ಏನು, ಲಿಫ್ಟ್ ಕೆಟ್ಟರೆ ಏನು. ಕೋಣೆ ಆರಿಸಿದ್ದೂ ನಾನೇ — ಹಡಗಿನ ದವಾಖಾನೆಗೆ ತೀರ ಹತ್ತಿರದ್ದು. ಅವ್ವ ಎದುರಿಗೆ ಕುಳಿತು ಡ್ರಾಯಿಂಗ್ ಹಾಳೆಯ ಮೇಲೆ ಪಡುವಣ ಕರಾವಳಿಯ ನಕ್ಷೆ ಬಿಡಿಸುತ್ತಿದ್ದಳು. ಪುಸ್ತಕ ನೋಡದೆ, ಮುಂಬಯಿಯಿಂದ ಕಾರವಾರದವರೆಗೆ ಒಂದೊಂದು ಕೊಲ್ಲಿಯೂ ತಪ್ಪದ ಹಾಗೆ. ನನ್ನ ಪಟ್ಟಿ ಹನ್ನೊಂದು ಪುಟವಾಯಿತು. ಅವಳ ಪಟ್ಟಿಯಲ್ಲಿ ಎರಡೇ ಸಾಲು. ಒಂದು, ಹೋಗುವಾಗ ದಂಡೆ ಮುಳುಗುವುದು. ಎರಡು, ಬರುವಾಗ ದಂಡೆ ಏಳುವುದು.

"ಬರೂಮುಂದ ಮದಲ ತಲಿ ಕಾಣಬೇಕ ನೋಡ" ಎನ್ನುತ್ತಿದ್ದಳು. "ಕೂಸು ಹುಟ್ಟಿದಂಗ. ನಿನಗ ಗೊತ್ತಲ್ಲ, ನೀ ಎಷ್ಟ ನೋಡಿಲ್ಲ."

ಹಡಗಿನೊಳಗೆ ಹೊರಗಿನ ತಿನಿಸು ಒಯ್ಯುವಂತಿಲ್ಲ ಎಂದು ನಿಯಮವಿತ್ತು. ಅದನ್ನು ಓದಿ ಹೇಳಿದ ದಿನ ಅವ್ವನ ಮುಖ ಸಣ್ಣದಾಯಿತು. ಶೇಂಗಾ ಚಟ್ನಿ ಇಲ್ಲದೆ ಮೂರು ದಿನ? ಮರುದಿನ ನೋಡುತ್ತೇನೆ, ಖಾಲಿಯಾದ ಮುಖದ ಪೌಡರಿನ ಡಬ್ಬಿಯೊಂದನ್ನು ತೊಳೆದು ಕಟ್ಟೆಯ ಮೇಲೆ ಬಿಸಿಲಿಗೆ ಇಟ್ಟಿದ್ದಾಳೆ. ಸಂಜೆ ಚಟ್ನಿಪುಡಿಯನ್ನು ಸಾಣಿಗೆಯಲ್ಲಿ ಸಣ್ಣಗೆ ಹಿಡಿದು ಅದರಲ್ಲಿ ತುಂಬಿದಳು.

"ಅವ್ವಾ, ಯಾರರ ತಗದ ನೋಡಿ ಇದೇನಂತ ಕೇಳಿದ್ರ?"

"ಮುಖಕ್ಕ ಹಚಗೊಂಡ ತೋರಸ್ತೇನಿ."

ಆ ದಿನ ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಮೂವತ್ತನಾಲ್ಕು ವರ್ಷ ನಾನು ಅವ್ವನೊಡನೆ ಆಡಿದ ಮಾತು ಬಸ್ಸಿಗೆ ಓಡುವ ಮುಂಚಿನದು, ಬಸ್ಸಿಳಿದು ಬಂದ ಮೇಲಿನದು — 'ಗುಳಿಗಿ ತಗೊಂಡ್ಯಾ', 'ಉಂಡ್ಯಾ', 'ಬಾಗಲಾ ಹಾಕೇನಿ'. ಅವಳ ಜೊತೆ ಕುಳಿತು ಒಂದು ಕೆಲಸವನ್ನು ಇಬ್ಬರೂ ಸೇರಿ ಮಾಡಿದ್ದು ಅದೇ ಮೊದಲು. ಅದು ನಾನು ಜೊತೆಗೆ ಹೋಗಲಾರದ ಪ್ರವಾಸ ಎಂಬುದು ಬಹಳ ಸಲ ಮರೆತೇ ಹೋಗುತ್ತಿತ್ತು.

ಹೊರಡಲು ಒಂದು ವಾರವಿರುವಾಗ ಆರೋಗ್ಯದ ಅರ್ಜಿ ತುಂಬಿ ಕಳಿಸಬೇಕಾಗಿತ್ತು. ನಮ್ಮ ಡಾಕ್ಟರು ಅವ್ವನನ್ನು ಪರೀಕ್ಷಿಸಿ, ಪ್ರವಾಸಕ್ಕೆ ಯಾವ ಅಡ್ಡಿಯೂ ಇಲ್ಲ ಎಂದು ಬರೆದುಕೊಟ್ಟಿದ್ದರು. ಅಷ್ಟು ಸಾಕಿತ್ತು. ಅವ್ವ ಪಕ್ಕದ ಮನೆಗೆ ಹೋಗಿದ್ದಳು. ನಾವಿಬ್ಬರೂ ಇಲ್ಲದ ದಿನಗಳಲ್ಲಿ ತುಳಸಿಗೆ ನೀರು ಹಾಕಿ, ಹೊರಡುವಾಗ ಕೀಲಿ ಕೊಡಲು ಸರೂಗೆ ನೆನಪಿಸಿ ಎಂದು ಅವರಿಗೆ ಹೇಳಲು. ಸರೂ ಎಂದರೆ ನಾನು. ನನಗೆ ನೆನಪಿಸಬೇಕಂತೆ! ಅರ್ಜಿಯ ಕೊನೆಯಲ್ಲಿ, ಬೇರೇನಾದರೂ ತಿಳಿಸುವುದಿದ್ದರೆ ಪ್ರತ್ಯೇಕ ಹಾಳೆಯಲ್ಲಿ ಬರೆಯಿರಿ ಎಂದಿತ್ತು. ನಾನು ಹಾಳೆ ತೆಗೆದುಕೊಂಡೆ.

ಆಸ್ಪತ್ರೆಯಲ್ಲಿ ಪಾಳಿ ಮುಗಿಸುವ ನರ್ಸ್ ಮುಂದಿನ ಪಾಳಿಯವಳಿಗೆ ಒಬ್ಬೊಬ್ಬ ರೋಗಿಯ ವಿಷಯವನ್ನೂ ಬರೆದು ಒಪ್ಪಿಸಬೇಕು. ಅದಕ್ಕೆ ನಾವು ಹ್ಯಾಂಡೋವರ್ ಎನ್ನುತ್ತೇವೆ. ಅದರಲ್ಲಿ ಒಂದು ಪದ ಹೆಚ್ಚುಕಡಿಮೆ ಬರೆದ ಹುಡುಗಿಯರನ್ನು ನಾನು ಎಲ್ಲರೆದುರು ನಿಲ್ಲಿಸಿ ಬೈದಿದ್ದೇನೆ. ಜೊತೆಗೇ ಇನ್ನೊಂದು ವಿಷಯವೂ ನನಗೆ ಗೊತ್ತಿತ್ತು — ರೋಗಿ ಆರಾಮ ಇದ್ದಾರೆ ಎಂದು ಬರೆದರೆ ಮುಂದಿನ ಪಾಳಿಯವರು ಆ ಹಾಸಿಗೆಯ ಕಡೆ ಹೆಚ್ಚು ತಿರುಗುವುದಿಲ್ಲ. ಅವ್ವ ಆರಾಮ ಇದ್ದಾಳೆ ಎಂದರೆ ಸಾವಿರಾರು ಜನರ ಹಡಗಿನಲ್ಲಿ ಅವಳನ್ನು ಯಾರು ನೋಡುತ್ತಾರೆ? ಒದ್ದೆ ನೆಲದ ಮೇಲೆ ಜಾರಿದರೆ? ಕಟಕಟೆಗೆ ಬಾಗಿ ನಿಂತು ತಲೆ ತಿರುಗಿದರೆ? ಬರೆದೆ:

'ಎಂಬತ್ತೆರಡು ವರ್ಷದ ಮಹಿಳೆ. ಆಗಾಗ ಮರೆವು ಮತ್ತು ಗಲಿಬಿಲಿ ಉಂಟಾಗುತ್ತದೆ. ತಾನು ಸರಿಯಾಗಿದ್ದೇನೆ ಎಂದು ಹೇಳುತ್ತಾರೆ, ನಂಬಬಾರದು. ಒಬ್ಬರನ್ನೇ ಬಿಡಬಾರದು.'

ಕೆಳಗೆ — ಮಗಳು, ನಿವೃತ್ತ ಮೇಟ್ರನ್.

ಆ ಮೂರನೆಯ ಸಾಲು… ಉಳಿದ ಮೂರನ್ನು ಭಯ ಬರೆಸಿತು ಎನ್ನಬಹುದು. ಮೂರನೆಯದು ನನ್ನ ಕಸುಬುದಾರಿಕೆ. ಅವಳು ನನ್ನ ಸುಳ್ಳಿನಿಂದ ಹೊರಗೆ ಬರಬಹುದಾದ ಒಂದೇ ಬಾಗಿಲನ್ನೂ ನೋಡಿ, ಅದಕ್ಕೂ ಚಿಲಕ ಹಾಕಿದೆ. ಅವ್ವನ ಜೀವದ ಮೇಲಿನ ಕಾಳಜಿಯಿಂದ ಎಂದು ಆಗ ಅಂದುಕೊಂಡೆ. ಕಾಳಜಿ ಇತ್ತು. ಆದರೆ ನಾನಿಲ್ಲದೆ ಪೇಶಂಟ್ ಆಗುವುದಿಲ್ಲ ಎಂದಳಲ್ಲ — ನಾನಿಲ್ಲದೆಯೂ ಪೇಶಂಟ್ ಆಗಲಿ ಎಂಬ ಒಂದು ಸಣ್ಣ ಹಟ ಪೆನ್ನಿನ ತುದಿಯಲ್ಲಿ ಇರಲೇ ಇಲ್ಲ ಎಂದು ಪ್ರಮಾಣ ಮಾಡಲಾರೆ.

ಮುಂಬಯಿಯ ಬಂದರಿನ ಗೇಟಿನವರೆಗೆ ನಾನು ಜೊತೆಗಿದ್ದೆ. ಅದು ನಮ್ಮ ಒಪ್ಪಂದ. ನನ್ನ ಗೆಳತಿಯೊಬ್ಬಳ ಮನೆಯಲ್ಲಿ ಮೂರು ದಿನ ಇದ್ದು, ಮರಳಿ ಬಂದಾಗ ಕರೆದೊಯ್ಯಬೇಕು. ಅವ್ವ ಇಳಕಲ್ ಸೀರೆ ಉಟ್ಟು, ಕಾಲಿಗೆ ಬಿಳಿಯ ಕ್ಯಾನ್ವಾಸ್ ಬೂಟು ಹಾಕಿಕೊಂಡು, ನಕ್ಷೆಯ ಸುರುಳಿಯನ್ನು ಕಂಕುಳಲ್ಲಿ ಹಿಡಿದು ನಿಂತಿದ್ದಳು. ಶಾಲೆಗೆ ಇನ್‌ಸ್ಪೆಕ್ಟರು ಬರುವ ದಿನ ಹೀಗೇ ನಿಲ್ಲುತ್ತಿದ್ದಳು. ಹೆಸರು ಕರೆದರು. ನೀಲಿ ಸಮವಸ್ತ್ರದ ಹುಡುಗಿಯೊಬ್ಬಳು ಗಾಲಿಕುರ್ಚಿ ತಳ್ಳಿಕೊಂಡು ಬಂದಳು. ಅವ್ವ ಸುತ್ತಲೂ ನೋಡಿದಳು.

"ಪಾಪ, ಯಾರಿಗೋ ಆರಾಮಿಲ್ಲ" ಎಂದಳು.

ಕುರ್ಚಿ ಅವಳೆದುರಿಗೇ ನಿಂತಿತು.

"ಏ ಸರೂ, ಇದು ನನಗಂತಲ್ಲ! ಯಾಕಂತ?"

"ವಯಸ್ಸಾದವರಿಗೆ ಎಲ್ಲಾರಿಗೂ ಕೊಡತಾರಂತ ಅವ್ವಾ. ಕುಂದ್ರು."

ಅದು ಎರಡನೆಯ ಸುಳ್ಳು. ಅವಳು ಕುಳಿತಳು. ನಾನು ಹೇಳಿದರೆ ಅವಳು ಕೂರುತ್ತಾಳೆ. ಹುಡುಗಿ ಅವಳ ಮಣಿಕಟ್ಟಿಗೆ ಹಳದಿ ಪಟ್ಟಿಯೊಂದನ್ನು ಕಟ್ಟಿದಳು. ಬೇರೆ ಪ್ರವಾಸಿಗರ ಪಟ್ಟಿ ಬಿಳಿಯದಿತ್ತು. ಅದರ ಅರ್ಥ ನನಗೆ ಚೆನ್ನಾಗಿ ಗೊತ್ತಾಯಿತು. ಬೀಳುವವರಿಗೆ, ದಾರಿ ತಪ್ಪುವವರಿಗೆ ನಮ್ಮಲ್ಲೂ ಬೇರೆ ಬಣ್ಣವೇ. ಕುರ್ಚಿ ಒಳಗೆ ಹೋಗುವವರೆಗೂ ಅವ್ವ ಕುತ್ತಿಗೆ ತಿರುಗಿಸಿ ನನ್ನನ್ನು ನೋಡುತ್ತಿದ್ದಳು. ನಾನು ಕೈ ಬೀಸಿದೆ. ಹೇಳಲು ಅಸಹ್ಯವಾಗುತ್ತದೆ, ಆ ಗಳಿಗೆಯಲ್ಲಿ ನನಗೆ ನೆಮ್ಮದಿಯಾಗಿತ್ತು.

ಮೂರು ದಿನದ ನಂತರ ಅದೇ ಗೇಟಿನಲ್ಲಿ ಅದೇ ಕುರ್ಚಿಯಲ್ಲಿ ಅವಳನ್ನು ನನಗೆ ಒಪ್ಪಿಸಿದರು.

"ಹೆಂಗಿತ್ತ ಅವ್ವಾ?"

"ಛಲೋ ಇತ್ತು."

"ದಂಡಿ ಮುಳಗೂದು?"

ಅವ್ವ ನಕ್ಷೆಯ ಸುರುಳಿಯನ್ನು ಬಿಗಿಯಾಗಿ ಸುತ್ತಿಕೊಂಡಳು. "ಮ್ವಾಡ ಇತ್ತ" ಎಂದಳು.

ಆ ಮೂರು ದಿನವೂ ಮುಂಬಯಿಯ ಆಕಾಶದಲ್ಲಿ ಒಂದು ತುಂಡು ಮೋಡವಿರಲಿಲ್ಲ. ನನ್ನ ಗೆಳತಿಯ ಮನೆಯ ತಾರಸಿಯಲ್ಲಿ ನಿಂತು ನಾನೇ ನೋಡಿದ್ದೆ. ಅವಳ ಚೀಲ ಎತ್ತಿಕೊಂಡು ಟ್ಯಾಕ್ಸಿ ಕರೆದೆ. ರೈಲಿನಲ್ಲಿ ಅವಳು ಕಿಟಕಿಯ ಕಡೆ ಕುಳಿತು ಒಂದೊಂದು ನಿಲ್ದಾಣದ ಹೆಸರನ್ನೂ ತುಟಿಯಲ್ಲೇ ಓದಿಕೊಂಡಳು.

ಮನೆಗೆ ಬಂದ ಮೇಲೆ ಅವ್ವ ಬದಲಾದಳು. ಒಂದೇ ದಿನಕ್ಕಲ್ಲ, ಬಿಸಿಲಿಗೆ ಬಣ್ಣ ಬಿಡುವ ಬಟ್ಟೆಯ ಹಾಗೆ. ರವಿವಾರ ಬೆಳಿಗ್ಗೆ ಓಣಿಯ ಮಕ್ಕಳಿಗೆ ನಕ್ಷೆ ಓದಲು ಕಲಿಸುತ್ತಿದ್ದಳು, ಅದನ್ನು ಬಿಟ್ಟಳು. ಕೇಳಿದರೆ "ತಪ್ಪು ಕಲಸಬಾರದವ್ವ" ಎಂದಳು. ಕಾಯಿಪಲ್ಲೆ ತರಲು ಒಬ್ಬಳೇ ಹೋಗುತ್ತಿದ್ದವಳು "ನೀನೂ ಬಾ" ಎನ್ನತೊಡಗಿದಳು. ಮಾತಿನ ನಡುವೆ "ಇವತ್ತ ಬುಧವಾರ ಹೌದಲ್ಲ?" ಎಂದು ಕೇಳುವಳು. ಬುಧವಾರವೇ ಇರುತ್ತಿತ್ತು. ಒಂದು ಸಲವೂ ದಿನ ತಪ್ಪಲಿಲ್ಲ.

ನಾನು ಏನು ಮಾಡಿದೆ ಗೊತ್ತೇ? ನನ್ನ ಚೀಟಿ ನಿಜವೇ ಆಗಿತ್ತು ಎಂದುಕೊಂಡೆ. ಲಕ್ಷಣಗಳು ನನಗೆ ಮೊದಲೇ ಒಳಗಿಂದ ತಿಳಿದಿರಬೇಕು, ಅದಕ್ಕೇ ಕೈ ಹಾಗೆ ಬರೆದಿರಬೇಕು… ಎಷ್ಟು ಅನುಕೂಲದ ಯೋಚನೆ ಅದು! ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಒಂದು ತಾಸು ಪ್ರಶ್ನೆ ಕೇಳಿ, ಲೆಕ್ಕ ಮಾಡಿಸಿ, ಚಿತ್ರ ಬರೆಸಿ, ನನ್ನ ಕಡೆ ತಿರುಗಿ, "ಸಿಸ್ಟರ್, ಅಕ್ಕೋರ ನೆನಪು ನನಗಿಂತ ಛಲೋ ಐತ್ರಿ. ನೀವ ಸ್ವಲ್ಪ ದಣದೀರಿ, ಆರಾಮ ತಗೋರಿ" ಎಂದರು. ಅವ್ವ ನಗಲಿಲ್ಲ. ಹೊರಗೆ ಬಂದ ಮೇಲೆ, "ಡಾಕ್ಟರು ಭಾಳ ಒಳ್ಳೇವರು. ಮುಖದ ಮ್ಯಾಲ ಹೇಳಂಗಿಲ್ಲ" ಎಂದಳು. ಆ ಮಾತು ನನಗೆ ಅರ್ಥವಾಗಲಿಲ್ಲ.

ಅರ್ಥವಾದದ್ದು ದಸರೆಯ ಮುಂಚೆ, ಮನೆಯ ಹಾಸಿಗೆಗಳನ್ನೆಲ್ಲ ಒಗೆಯಲು ತೆಗೆದಾಗ. ಅವ್ವ ಹೊರಗೆ ಕಟ್ಟೆಯ ಮೇಲೆ ಬಿಸಿಲಿಗೆ ಕುಳಿತಿದ್ದಳು. ಅವಳ ಗಾದಿ ಎತ್ತಿದೆ. ಅಡಿಯಲ್ಲಿ ಶಾಲೆಯ ಮಕ್ಕಳು ಬರೆಯುವಂಥ ಒಂದು ನೋಟ್‌ಬುಕ್, ಅದರೊಳಗೆ ನಾಲ್ಕು ಮಡಿಕೆಯ ಹಾಳೆಗಳು.

ಹಾಳೆಗಳು ಹಡಗಿನವು. ದವಾಖಾನೆಯವರು ಮೂರು ದಿನ ಅವಳ ಬಗ್ಗೆ ಗಂಟೆ ಹಾಕಿ ಬರೆದಿಟ್ಟ ಟಿಪ್ಪಣಿ. ನಿಮ್ಮ ಡಾಕ್ಟರಿಗೆ ತೋರಿಸಿ ಎಂದು ಅವಳ ಕೈಗೇ ಕೊಟ್ಟಿದ್ದರು. ಅವ್ವನಿಗೆ ಇಂಗ್ಲಿಷು ಅಷ್ಟಾಗಿ ಬಾರದು. ನಿಘಂಟು ಹಿಡಿದು ಕೂತು, ತಿಳಿಯದ ಒಂದೊಂದು ಪದದ ಮೇಲೂ ಪೆನ್ಸಿಲ್ಲಿನಿಂದ ಕನ್ನಡದ ಅರ್ಥ ಬರೆದಿದ್ದಳು. ಆ ಅಚ್ಚುಕಟ್ಟಾದ ಅಕ್ಷರ… ಮೊದಲ ದಿನ, ಹಡಗು ಹೊರಟ ಹೊತ್ತು: 'ಮೇಲಿನ ಅಟ್ಟಕ್ಕೆ ಹೋಗಬೇಕೆಂದು ಹಟ. ಭೂಮಿ ಮುಳುಗುತ್ತದೆ, ಅದನ್ನು ನೋಡಬೇಕು ಎನ್ನುತ್ತಾರೆ. ಸಮಾಧಾನಪಡಿಸಿ ಕೋಣೆಗೆ ಕರೆತರಲಾಯಿತು.' ಎರಡನೆಯ ದಿನ: 'ಮುಖದ ಪೌಡರಿನ ಡಬ್ಬಿಯಲ್ಲಿ ಖಾರದ ಪುಡಿ ತುಂಬಿಕೊಂಡು ಅನ್ನಕ್ಕೆ ಹಾಕಿ ತಿನ್ನುತ್ತಿದ್ದಾರೆ. ಡಬ್ಬಿ ತೆಗೆದಿಡಲಾಗಿದೆ.' ಮೂರನೆಯ ದಿನ, ಮರಳುವ ಮುಂಜಾನೆ: 'ಭೂಮಿ ತಲೆಯಿಂದ ಹುಟ್ಟುತ್ತದೆ ಎನ್ನುತ್ತಾರೆ. ಅತ್ತರು. ಕೋಣೆಯಲ್ಲೇ ಇರಿಸಲಾಯಿತು.' ನಡುನಡುವೆ, ದಿನಕ್ಕೆ ಮೂರು ಸಲದಂತೆ: 'ಹೆಸರು, ವಾರ, ಸ್ಥಳ ಕೇಳಲಾಯಿತು — ಸರಿ.' ಎಲ್ಲ ಸಲವೂ ಸರಿ. ನಾನು ಆರಿಸಿದ ಕೋಣೆಯ ಕಿಟಕಿ ಬರಿಯ ನೀರಿನ ಕಡೆಗಿತ್ತು.

ಅವರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ವಾರ್ಡಿನಲ್ಲಾಗಿದ್ದರೆ ನಾನೂ ಹೀಗೆಯೇ ಮಾಡಿಸುತ್ತಿದ್ದೆ. ನೀಲಿ ಸಮವಸ್ತ್ರದ ಆ ಹುಡುಗಿಗೆ ಕನ್ನಡ ಬಾರದು. ಅವ್ವನಿಗೆ ಬರುವುದು ಹುಬ್ಬಳ್ಳಿ ಪೇಟೆಯ ಹಿಂದಿ. 'ಜಮೀನ್ ಡೂಬ್ತಾ, ದೇಖ್ನೇಕಾ ಹೈ' ಎಂದಿರಬೇಕು. ಚೀಟಿ ಇಲ್ಲದಿದ್ದರೆ ಯಾರಾದರೂ ನಕ್ಕು, ಬನ್ನಿ ಅಜ್ಜಿ ಎಂದು ಕೈ ಹಿಡಿದು ಮೇಲೆ ಕರೆದೊಯ್ಯುತ್ತಿದ್ದರು. ಚೀಟಿ ಇತ್ತು. ಹಾಗಾಗಿ ಅವಳು ನಲವತ್ತು ವರ್ಷ ಕಲಿಸಿದ ಪಾಠವೇ ಅವಳ ಹುಚ್ಚಿಗೆ ಸಾಕ್ಷಿಯಾಯಿತು.

ಕೊನೆಯ ಹಾಳೆ ನನ್ನದೇ ಚೀಟಿಯ ನಕಲು. ಅದರ ಮೇಲೆಯೂ ಪೆನ್ಸಿಲ್ಲಿನ ಅಕ್ಷರ. 'ಗಲಿಬಿಲಿ', 'ನಂಬಬಾರದು'.

ನೋಟ್‌ಬುಕ್ ತೆರೆದೆ. ಪ್ರತಿದಿನಕ್ಕೆ ಒಂದು ಪುಟ. ವಾರ, ತಿಥಿ. 'ಇಂದಿನ ಪಲ್ಯ ಹೀರೇಕಾಯಿ. ಸರೂ ನಾಲ್ಕಕ್ಕೆ ಚಹಾ ಕೊಟ್ಟಳು.' ಅದರ ಕೆಳಗೆ ದಿನವೂ ತಪ್ಪದೆ: 'ಮಲಪ್ರಭಾ, ಘಟಪ್ರಭಾ, ಭೀಮಾ, ಕೃಷ್ಣಾ, ತುಂಗಭದ್ರಾ' — ತನ್ನನ್ನು ತಾನೇ ಪರೀಕ್ಷೆಗೆ ಕೂರಿಸಿಕೊಂಡು, ಪಕ್ಕದಲ್ಲಿ ಸರಿ ಗುರುತು ಹಾಕಿಕೊಂಡಿದ್ದಳು. ಮೊದಲ ಪುಟದಲ್ಲಿ ಮಾತ್ರ ಬೇರೆ ಬರಹವಿತ್ತು:

'ಸರೂ ಜೀವನವೆಲ್ಲ ಇಂಥವರನ್ನೇ ನೋಡಿಕೊಂಡವಳು. ಅವಳು ಬರೆದಿದ್ದಾಳೆ ಎಂದ ಮೇಲೆ ನಿಜವೇ ಇರಬೇಕು. ಅವಳು ಸುಳ್ಳು ಬರೆಯುವವಳಲ್ಲ. ನನಗೆ ತಿಳಿದಿದೆ ಎಂದು ಅವಳಿಗೆ ತೋರಗೊಡಬಾರದು. ಹೆದರುತ್ತಾಳೆ.'

ಅಂದರೆ ಅವಳಿಗೆ ಚೀಟಿಯ ವಿಷಯ ಗೊತ್ತಿತ್ತು. ಅದು ಸುಳ್ಳೆಂದು ಮಾತ್ರ ಗೊತ್ತಿರಲಿಲ್ಲ. ತನ್ನ ನೆನಪನ್ನು ನಂಬುವುದೋ, ಮಗಳನ್ನು ನಂಬುವುದೋ ಎಂಬಲ್ಲಿ ಅವಳು ಮಗಳನ್ನು ಆರಿಸಿಕೊಂಡಿದ್ದಳು.

ಆ ಕ್ಷಣವೇ ಹೊರಗೆ ಓಡಿ ಹೋಗಿ ಹೇಳಬೇಕಿತ್ತು. ಹತ್ತು ಹೆಜ್ಜೆ. ಅವಳು ಕಟ್ಟೆಯ ಮೇಲೆ ಕುಳಿತು ತೊಗರಿಯಲ್ಲಿ ಕಲ್ಲು ಆರಿಸುತ್ತಿದ್ದಳು. ನಾನು ಹಾಳೆಗಳನ್ನು ಮೊದಲಿದ್ದ ಮಡಿಕೆಯ ಮೇಲೆಯೇ ಮಡಿಚಿ, ನೋಟ್‌ಬುಕ್ಕನ್ನು ಮೊದಲಿದ್ದ ಮೂಲೆಯಲ್ಲೇ ಇಟ್ಟು, ಒಣಗಿದ ಗಾದಿಯನ್ನು ಸಂಜೆ ಅದರ ಮೇಲೆ ಹಾಸಿದೆ. ಚಾದರದ ನಾಲ್ಕೂ ಮೂಲೆ ಮಡಿಚಿ ಒಳಗೆ ಸೇರಿಸಿದೆ, ಆಸ್ಪತ್ರೆಯಲ್ಲಿ ಮಾಡುವ ಹಾಗೆ.

ಯಾಕೆ ಹೇಳಲಿಲ್ಲ? ಮೂರು ವರ್ಷ ನನಗೆ ನಾನೇ ಬೇರೆ ಬೇರೆ ಉತ್ತರ ಕೊಟ್ಟುಕೊಂಡೆ. ಅವಳಿಗೆ ಆಘಾತವಾಗುತ್ತದೆ, ಬಿ.ಪಿ. ಏರುತ್ತದೆ… ಉತ್ತರ ಒಂದೇ. 'ಅವಳು ಸುಳ್ಳು ಬರೆಯುವವಳಲ್ಲ' ಎಂಬ ಸಾಲು ನನಗೆ ಬೇಕಾಗಿತ್ತು. ಆ ಸಾಲನ್ನು ಉಳಿಸಿಕೊಳ್ಳಲು, ಇಲ್ಲದ ಕಾಯಿಲೆಯನ್ನು ಅವ್ವನ ಹತ್ತಿರವೇ ಉಳಿಸಿದೆ. ಅದಕ್ಕೆ ಬದಲಾಗಿ ಅವಳನ್ನು ಹೊಗಳತೊಡಗಿದೆ. 'ನಿನ್ನ ನೆನಪು ಎಷ್ಟ ಛಲೋ ಐತಿ ಅವ್ವಾ' ಎನ್ನುತ್ತಿದ್ದೆ. ಅವಳು ನನ್ನ ತಲೆ ಸವರುತ್ತಿದ್ದಳು. ರೋಗಿಗಳನ್ನು ಹೀಗೆ ಹುರಿದುಂಬಿಸುತ್ತಾರೆ ಎಂದು ಅವಳಿಗೆ ಗೊತ್ತು. ನಾನು ಹೊಗಳಿದಷ್ಟೂ ಅವಳ ನಂಬಿಕೆ ಗಟ್ಟಿಯಾಯಿತು. ಈಗ ಗಾದಿಯ ಕೆಳಗೆ ಒಂದಲ್ಲ, ಏಳು ನೋಟ್‌ಬುಕ್ ಇವೆ. ಒಂದೊಂದು ದಸರೆಗೂ ಎಣಿಸಿ, ಮತ್ತೆ ಹಾಸಿಗೆ ಹಾಸಿದ್ದೇನೆ.

ಹೋದ ತಿಂಗಳು ನಾಲ್ಕರ ಚಹಾ ಕುಡಿಯುವಾಗ ಅವ್ವ ಬಟ್ಟಲು ಕೆಳಗಿಟ್ಟು ಹೇಳಿದಳು:

"ಸರೂ, ನಿನಗೂ ಅರವತ್ತೈದಾತು. ನಾಳೆ ನಿನಗ ಏನರ ಜಡ್ಡಾಗಿ ಮಲಗಿದ್ರ, ನನ್ನ ನೋಡ್ಕೊಳ್ಳಾಕ ಬಂದವರಿಗೆ ಏನ ಗೊತ್ತಿರತೈತಿ? ನನ್ನ ಬಗ್ಗೆ ಒಂದ ಚೀಟಿ ಬರದಿಡ."

"ಎಂಥಾ ಚೀಟಿ ಅವ್ವಾ?"

"ಹಡಗದವರಿಗೆ ಬರದಿದ್ದಿಯಲ್ಲ, ಹಂಗ." ನನ್ನ ಕೈ ಮೇಲೆ ಕೈ ಇಟ್ಟಳು. "ಅಂಜಬ್ಯಾಡ, ನಾ ಅದನ್ನ ಯಾವಾಗೋ ಓದೇನಿ. ಛಲೋ ಬರದಿದ್ದಿ. ನಾಕ ಸಾಲಿನ್ಯಾಗ ಎಲ್ಲಾ ಇತ್ತು."

ನಾಲ್ಕು ವರ್ಷದಲ್ಲಿ ಅವಳು ಅದರ ಮಾತೆತ್ತಿದ್ದು ಅದೇ ಮೊದಲು. ಅದೂ ನನ್ನನ್ನು ಸಮಾಧಾನ ಮಾಡಲು. ನಾನು "ಹೂಂ" ಎಂದೆ.

ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು. ಅವ್ವ ಕೇಳಿದ ಚೀಟಿ ಇದೇ, ಉದ್ದವಾಯಿತು. ಅವಳನ್ನು ನೋಡಿಕೊಳ್ಳಲು ಮುಂದೆ ಯಾರೇ ಬಂದರೂ ಅವರಿಗೆ ತಿಳಿಯಬೇಕಾದದ್ದು ಇಷ್ಟು: ನೀಲಮ್ಮ, ಎಂಬತ್ತಾರು ವರ್ಷ. ನೆನಪು ಪೂರ್ತಿ ಸರಿಯಾಗಿದೆ, ಯಾವಾಗಲೂ ಸರಿಯಾಗಿಯೇ ಇತ್ತು. ತಾನು ಸರಿಯಾಗಿದ್ದೇನೆ ಎಂದು ಅವರು ಹೇಳಿದರೆ ನಂಬಬೇಕು. ಪೌಡರಿನ ಡಬ್ಬಿಯಲ್ಲಿರುವುದು ಶೇಂಗಾ ಚಟ್ನಿ.

ಕ್ಷಮಿಸು ಎಂದು ಬರೆದಿಲ್ಲ. ಬರೆದರೆ ಅವಳು ತಕ್ಷಣ ಕ್ಷಮಿಸಿಬಿಡುತ್ತಾಳೆ, ನನಗೆ ಗೊತ್ತು. ಮತ್ತೆ ಹಡಗಿಗೆ ಕರೆದೊಯ್ಯುತ್ತೇನೆ ಎಂದೂ ಬರೆದಿಲ್ಲ. ಹೋಗಬೇಕೋ ಬೇಡವೋ, ಯಾರ ಜೊತೆ ಹೋಗಬೇಕೋ, ಅವಳು ಹೇಳಲಿ.

ಗೆರೆಯ ನೋಟ್‌ಬುಕ್ಕಿನಲ್ಲಿ, ಅವಳೇ ಕಲಿಸಿದಂತೆ ಎಡಗಡೆ ಎರಡು ಬೆರಳು ಅಂಚು ಬಿಟ್ಟು ಬರೆದಿದ್ದೇನೆ. ತಿದ್ದುವವರಿಗೆ ಜಾಗ ಬೇಕು. ಇವತ್ತು ಗುರುವಾರ. ನಾಲ್ಕಕ್ಕೆ ಚಹಾ ಕೊಟ್ಟು, ಅವಳ ಚಾಳೀಸು ಕನ್ನಡಕ ಒರೆಸಿ, ಪೆನ್ಸಿಲ್ ಚೂಪು ಮಾಡಿ, ಇದನ್ನು ಅವಳ ಎದುರಿಗೆ ಇಡುತ್ತೇನೆ. ಅವಳು ಓದುವಾಗ ಮುಖ ನೋಡುತ್ತ ಕೂರುವುದಿಲ್ಲ, ಬಾಗಿಲ ಸಂದಿಯಿಂದ ಇಣುಕುವುದಿಲ್ಲ, ನಾಡಿ ಹಿಡಿಯುವುದಿಲ್ಲ. ಚಪ್ಪಲಿ ಮೆಟ್ಟಿ, ಸ್ಟೇಷನ್ನಿನವರೆಗೆ ನಡೆದು ಹೋಗುತ್ತೇನೆ. ಅವಳು ಮುಗಿಸುವಷ್ಟು ಹೊತ್ತು ಅವಳನ್ನು ಒಬ್ಬಳನ್ನೇ ಬಿಡುತ್ತೇನೆ.